ಕಡಲೆ ಹೊಲದ ಒಂದು ಬುಟ್ಟಿ ಮಣ್ಣು

ನಮ್ಮ ಮನೆಯಲ್ಲಿ ನಾನು ಹಾಲಿಗೆ ಹೆಪ್ಪು ಹಾಕುವಂತಿರಲಿಲ್ಲ. ಹತ್ತು ವರ್ಷದವಳಿದ್ದಾಗಿನಿಂದ ಮದುವೆಯಾಗಿ ಆ ಮನೆ ಬಿಡುವ ತನಕ ಒಂದು ದಿನವೂ ಹಾಕಲಿಲ್ಲ. ಉಪ್ಪಿನಕಾಯಿ ಜಾಡಿಗೆ ಕೈ ಇಡುವಂತಿರಲಿಲ್ಲ, ಬಿತ್ತನೆಯ ದಿನ ಬೀಜದ ಚೀಲದ ಹತ್ತಿರ ಸುಳಿಯುವಂತಿರಲಿಲ್ಲ. ಓಣಿಯ ಹೆಂಗಸರು ತಿಪ್ಪೆಯ ಪಕ್ಕ ಕುಂಬಳದ ಬೀಜ ಊರುವಾಗ ನಾನು ಆ ದಾರಿಯಲ್ಲಿ ಬಂದರೆ ಮಾತು ನಿಲ್ಲಿಸಿ, ನಾನು ದಾಟಿ ಹೋಗುವ ತನಕ ಬೀಜವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ನನ್ನ ಕೈಗುಣ ಸರಿ ಇಲ್ಲ ಎಂಬುದು ನಮ್ಮೂರಿನಲ್ಲಿ ಬಸ್ಸಿನ ವೇಳೆಗಿಂತ ಖಚಿತವಾದ ಸಂಗತಿಯಾಗಿತ್ತು. ಈಗ ಹಡಗಲಿಯ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳು ನನ್ನ ಕೈಯಿಂದಲೇ ಬೀಜ ಇಸಕೊಂಡು ಹೋಗಿ ಕುಂಡದಲ್ಲಿ ಹಾಕುತ್ತಾರೆ, ಅವು ಮೊಳೆಯುತ್ತವೆ. ಆದರೂ ಯಾರಾದರೂ ಥಟ್ಟನೆ ‘ಕೈ ಕೊಡಿ’ ಎಂದರೆ ಎರಡೂ ಕೈ ಬೆನ್ನ ಹಿಂದೆ ಹೋಗುವುದು ಇವತ್ತಿಗೂ ತಪ್ಪಿಲ್ಲ.

ಹಂಪಸಾಗರದಿಂದ ಒಳಗೆ ನಡೆದರೆ ಸಿಗುವ ಎರೆಮಣ್ಣಿನ ಹಳ್ಳಿ ನಮ್ಮದು. ಮನೆ ಮಾಳಿಗೆಯದು. ತಲೆಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಹಗಲಲ್ಲೂ ಕತ್ತಲಿರುವ ಅಡಿಗೆಮನೆ. ಅಲ್ಲಿಗೆ ಬೆಳಕು ಬರುತ್ತಿದ್ದದ್ದು ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಯಿಂದ ಮಾತ್ರ. ಒಲೆ ಎರಡಿದ್ದವು. ಒಂದರ ಮುಂದೆ ಅವ್ವ ಕೂತು ರೊಟ್ಟಿ ಬಡಿಯುತ್ತಿದ್ದಳು, ಇನ್ನೊಂದರ ಮುಂದೆ ಚಿಗವ್ವ, ಅಂದರೆ ಅಪ್ಪನ ತಮ್ಮನ ಹೆಂಡತಿ, ಪಲ್ಯ ಕುದಿಸುತ್ತಿದ್ದಳು. ಬಾಗಿಲ ಹೊಸ್ತಿಲ ಮೇಲೆ ಅಪ್ಪನ ತಾಯಿ, ನನ್ನ ಅಜ್ಜಿ, ಎರಡೂ ಕಡೆ ಕಣ್ಣಿಟ್ಟು ಎಲೆಯಡಿಕೆ ಜಗಿಯುತ್ತ ಕೂತಿರುತ್ತಿದ್ದಳು. ಹೆಪ್ಪು ಹಾಕುವುದು ಅವ್ವನ ಪಾಲಿನ ಕೆಲಸ. ಹಾಲು ಕಾಯಿಸಿ, ಆರಲು ಬಿಟ್ಟು, ಕಿರುಬೆರಳು ಅದ್ದಿ ನೋಡಿ, ಬೆರಳಿಗೆ ಹಿತವಾದ ಮೇಲಷ್ಟೇ ಒಂದು ಚಮಚ ಮಜ್ಜಿಗೆ ಬಿಡುತ್ತಿದ್ದಳು. ಬಿಸಿ ಹಾಲಿಗೆ ಬಿಟ್ಟರೆ ಹೆಪ್ಪು ಸಾಯುತ್ತದೆ ಎಂದು ನನಗೆ ಮೊದಲು ಹೇಳಿಕೊಟ್ಟವಳು ಅವ್ವನೇ. ಅವಳ ಮೊಸರು ಕತ್ತರಿಸಿದರೆ ಹೋಳಾಗಿ ಬರುತ್ತಿತ್ತು. ಹೊಗಳುವುದೆಂದರೇನೆಂದೇ ತಿಳಿಯದ ಅಜ್ಜಿ ಸಹ ಅದನ್ನು ಮಾತ್ರ ಸುಮ್ಮನೆ ಎರಡು ಸಲ ಹಾಕಿಸಿಕೊಳ್ಳುತ್ತಿದ್ದಳು.

ಅವ್ವನಿಗೆ ನಾವು ಮೂವರು. ನನ್ನ ಹಿಂದೆ ಮುಂದೆ ಒಬ್ಬೊಬ್ಬ ಗಂಡುಹುಡುಗ, ನಡುವೆ ನಾನು. ಚಿಗವ್ವನಿಗೆ ಮಕ್ಕಳಿರಲಿಲ್ಲ. ನನಗೆ ತಲೆ ಬಾಚುತ್ತಿದ್ದವಳು, ಉಗುರು ಕತ್ತರಿಸುತ್ತಿದ್ದವಳು, ಜ್ವರ ಬಂದರೆ ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದವಳು ಚಿಗವ್ವ. ಚಳಿಗಾಲದ ಬೆಳಿಗ್ಗೆ ಕಡಲೆ ಕುಡಿ ಚಿವುಟಲು ಹೋಗುವಾಗ ನನ್ನನ್ನೇ ಕರೆದುಕೊಂಡು ಹೋಗುತ್ತಿದ್ದಳು. ಇಬ್ಬನಿಯಲ್ಲಿ ತೊಯ್ದ ಕಡಲೆ ಗಿಡ ಮುಟ್ಟಿದರೆ ಬೆರಳಿಗೆ ಹುಳಿ ಹತ್ತುತ್ತದೆ. ಆ ಬೆರಳನ್ನು ನನ್ನ ಬಾಯಿಗೆ ಒರೆಸಿ ನಗುತ್ತಿದ್ದಳು. ಸತ್ಯ ಹೇಳುವುದಾದರೆ ನನಗೆ ಅವ್ವನಿಗಿಂತ ಅವಳೇ ಹೆಚ್ಚು ಬೇಕಾಗಿದ್ದಳು, ಮತ್ತು ಅದನ್ನು ಮುಚ್ಚಿಡುವಷ್ಟು ಬುದ್ಧಿ ನನಗಿರಲಿಲ್ಲ. ಶಾಲೆಯಿಂದ ಬಂದವಳು ಚೀಲ ಅವ್ವನ ಮುಂದೆ ಎಸೆದು ನೇರವಾಗಿ ಚಿಗವ್ವನ ಒಲೆಯ ಮುಂದೆ ಕೂರುತ್ತಿದ್ದೆ. ಅವ್ವ ರೊಟ್ಟಿ ಬಡಿಯುವ ಸದ್ದು ಆಗ ಒಮ್ಮೆಲೇ ಜೋರಾಗುತ್ತಿತ್ತು.

“ನಿನ್ನ ಹಡದಾಕಿ ಇಲ್ಲಿ ಅದೀನಿ. ಈ ಕಡಿನೂ ಒಂದೀಟು ನೋಡು.”

ಹೀಗೆ ಅವ್ವ ಅನ್ನುವುದು, ಚಿಗವ್ವ “ಹೋಗು ರೇಣವ್ವ, ನಿಮ್ಮವ್ವ ಕರೀತಾಳ” ಎಂದು ನನ್ನನ್ನು ಮೆಲ್ಲಗೆ ದೂಡುವುದು, ನಾನು ಹೋಗದೆ ಅಲ್ಲೇ ಕೂರುವುದು. ಎರಡು ಒಲೆಗಳ ನಡುವಿನ ಜಗಳಕ್ಕೆ ಬೇರೆ ಕಾರಣಗಳೂ ಇದ್ದಿರಬೇಕು. ನನ್ನ ಹೆಸರು ಬರದೆ ಮುಗಿದ ಜಗಳವಂತೂ ನನಗೆ ನೆನಪಿಲ್ಲ.

ಕೊನೆಗೆ ಪಾಲಾಯಿತು. ಹಳ್ಳದ ಆಚೆಯ ಎರೆಹೊಲ ಚಿಗಪ್ಪನಿಗೆ ಬಂತು. ಮನೆಯಿಂದ ಒಂದು ತಾಸಿನ ದಾರಿ. ಅಲ್ಲೇ ಎರಡು ಕೋಣೆ ಕಟ್ಟಿಕೊಂಡು ಇಬ್ಬರೂ ಹೋದರು. ಎರಡನೆಯ ಒಲೆ ಆರಿತು, ನಾನು ಊಟ ಬಿಟ್ಟೆ. ನಾಲ್ಕು ದಿನ ನೋಡಿದ ಅಜ್ಜಿ ಐದನೆಯ ದಿನ ಎಲ್ಲರೂ ಉಣ್ಣಲು ಕೂತಾಗ ಮಾತು ತೆಗೆದಳು.

“ನಿನಗ ಎರಡು ಗಂಡು ಅದಾವ,” ಅವ್ವನಿಗೆ ಹೇಳಿದಳು. “ಈ ಹೆಣ್ಣುಕೂಸು ಅವರಿಗೆ ಇರ್ಲಿ. ಹೊಸ ಹೊಲಕ್ಕ ಈ ಸಲ ಕಡ್ಲಿ ಹಾಕ್ತಾನಂತ. ಮೊದ್ಲನೇ ರಾಶಿ ಮನಿಗೆ ಬಂದ ದಿನ ರೇಣವ್ವನ ಅವರ ಮಡ್ಲಾಗ ಹಾಕಿಬಿಡೋಣು.”

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವ್ವ “ಹೂಂ ಅತ್ತಿ” ಎಂದಳು. ಅಷ್ಟು ಬೇಗ ಒಪ್ಪಿದಳಲ್ಲ ಎಂದು ನನಗೆ ಒಂದು ಕ್ಷಣ ಕೆಡುಕೆನಿಸಿತು, ಮರುಕ್ಷಣ ರೊಟ್ಟಿ ಮುರಿದು ಬಾಯಿಗಿಟ್ಟೆ. ಅಂದಿನಿಂದ ಕಡಲೆ ಎಂದರೆ ನನಗೆ ಚಿಗವ್ವನ ಮನೆಗೆ ಹೋಗುವ ದಿನದ ಹೆಸರಾಯಿತು.

ಒಂದು ಹೊಲದಲ್ಲಿ ಎಂದೂ ಬೆಳೆಯದ ಕಡಲೆಯನ್ನು ಮೊದಲ ಸಲ ಹಾಕುವುದಾದರೆ ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಒಂದು ಪದ್ಧತಿ ಇತ್ತು. ವರ್ಷವರ್ಷ ಕಡಲೆ ಬೆಳೆದ ಹೊಲದಿಂದ ಒಂದು ಬುಟ್ಟಿ ಮಣ್ಣು ತರಬೇಕು. ಕೊಡುವ ಮನೆಯ ಮಗುವೊಂದು ಅದನ್ನು ತಲೆಯ ಮೇಲೆ ಹೊತ್ತು ಹೋಗಿ ಹೊಸ ಹೊಲದ ಬದುವಿನಲ್ಲಿ ಇಳಿಸಬೇಕು. ಅಲ್ಲಿಯ ಹೆಂಗಸು ಮಗುವಿನ ಕಾಲಿಗೆ ನೀರು ಹಾಕಿ, ಬುಟ್ಟಿ ಇಸಕೊಂಡು, ಆ ಮಣ್ಣನ್ನು ಬೆಲ್ಲದ ನೀರಲ್ಲಿ ಕಲಸಿ, ಬಿತ್ತುವ ಬೀಜಕ್ಕೆಲ್ಲ ಸವರಿ ನೆರಳಲ್ಲಿ ಒಣಗಿಸಬೇಕು. ಆಮೇಲೆ ಬಿತ್ತನೆ. ಯಾಕೆ ಎಂದು ಕೇಳಿದರೆ ಅಜ್ಜಿ, ಹೊಸ ನೆಲಕ್ಕೆ ಕಡಲೆಯ ಗುರುತು ಸಿಗಬೇಕಲ್ಲ ಎನ್ನುತ್ತಿದ್ದಳು. ಹೊರುವ ಮಗುವಿನ ಕೈಗುಣ ಚೆನ್ನಾಗಿರಬೇಕು ಎಂಬುದು ಅದರ ಮುಖ್ಯ ಕಟ್ಟಳೆ. ಆಗ ನನ್ನ ಕೈಗೆ ಭಾರೀ ಹೆಸರಿತ್ತು. ನಾನು ಊರಿದ ಅವರೆ ಬಳ್ಳಿ ಮಾಳಿಗೆ ಹತ್ತಿತ್ತು, ನಾನು ಕೈ ಆಡಿಸಿದ ಕರು ಬದುಕಿತ್ತು. ಅಜ್ಜಿ ಬಂದವರಿಗೆಲ್ಲ ನನ್ನ ಅಂಗೈ ಬಿಡಿಸಿ ತೋರಿಸುತ್ತಿದ್ದಳು. ಬುಟ್ಟಿ ಯಾರು ಹೊರಬೇಕೆಂಬ ಪ್ರಶ್ನೆಯೇ ಏಳಲಿಲ್ಲ.

ಸೀಗೆ ಹುಣ್ಣಿಮೆ ಹತ್ತಿರ ಬಂದಿತ್ತು. ಹಿಂಗಾರು ಮಳೆ ಬಿದ್ದು ನೆಲ ಹದವಾಗಿತ್ತು. ಬಿತ್ತನೆಯ ಹಿಂದಿನ ದಿನ ಅಪ್ಪ ನಮ್ಮ ಕಡಲೆ ಹೊಲದಿಂದ ಮಣ್ಣು ಅಗೆದು ತಂದು ಬುಟ್ಟಿಯನ್ನು ಪಡಸಾಲೆಯ ಮೂಲೆಯಲ್ಲಿಟ್ಟು ಮತ್ತೆ ಕೆಲಸಕ್ಕೆ ಹೋದ. ಮಧ್ಯಾಹ್ನದ ಊಟಕ್ಕೆ ನಾನು ಶಾಲೆಯಿಂದ ಬಂದಾಗ ಅಜ್ಜಿ ಇರಲಿಲ್ಲ, ಓಣಿಯಲ್ಲಿ ಯಾರದೋ ಬಾಣಂತಿಯನ್ನು ನೋಡಲು ಹೋಗಿದ್ದಳು. ಅಡಿಗೆಮನೆಯಲ್ಲಿ ವಿಚಿತ್ರ ವಾಸನೆ. ಮೊದಲು ಮೊದಲ ಮಳೆಯ ವಾಸನೆಯಂತೆ ಇದ್ದದ್ದು, ಹತ್ತಿರ ಹೋದಂತೆ ಕೂದಲು ಸುಟ್ಟ ಕಮಟಾಗಿ ಮೂಗಿಗೆ ಹೊಡೆಯಿತು. ಶೇಂಗಾ ಹುರಿಯುವ ದೊಡ್ಡ ಕಬ್ಬಿಣದ ಬಾಣಲೆ ಒಲೆಯ ಮೇಲಿತ್ತು. ಅವ್ವ ಅದರಲ್ಲಿ ಕರಿ ಮಣ್ಣು ಹಾಕಿ ಸೌಟಿನಿಂದ ತಿರುವುತ್ತಿದ್ದಳು. ಬುಟ್ಟಿ ಪಕ್ಕದಲ್ಲಿ ಅರ್ಧ ಖಾಲಿಯಾಗಿ ಕೂತಿತ್ತು. ಹುರಿದ ಮಣ್ಣನ್ನು ಹಳೆಯ ಗೋಣಿಯ ಮೇಲೆ ಹರವಿದ್ದಳು, ಅದರಿಂದ ಇನ್ನೂ ಹಬೆ ಏಳುತ್ತಿತ್ತು.

“ಏನ್ ಮಾಡಾಕತ್ತಿ ಅವ್ವಾ?”

ಅವ್ವ ಬೆಚ್ಚಿದಳು. ಆಮೇಲೆ ಸೌಟು ಆಡಿಸುತ್ತಲೇ ಹೇಳಿದಳು.

“ಮಣ್ಣು ಹಸಿ ಐತಿ, ಹೆಣಭಾರ. ಅಷ್ಟು ದೂರ ನೀನು ಹೆಂಗ ಹೊರ್ತಿ? ನೆತ್ತಿ ನೋಯ್ತೈತಿ ಅಂತ ಒಂದೀಟು ನೀರು ಆರಸಾಕತ್ತೀನಿ.”

ಆಮೇಲೆ ನನ್ನ ಗಲ್ಲ ಹಿಡಿದಳು. ಅವಳ ಬೆರಳು ಒಲೆಯ ಬಿಸಿಗೆ ಕಾದಿದ್ದವು.

“ನಿಮ್ಮಜ್ಜಿ ಮುಂದ ಹೇಳಬ್ಯಾಡ. ದೇವರ ಕಾರ್ಯದ ಮಣ್ಣು ಒಲಿ ಮ್ಯಾಲೆ ಇಟ್ಟಿ ಅಂತ ನನ್ನ ಜೀವ ತಿಂತಾಳ.”

ನಾನು ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದದ್ದಷ್ಟೇ ಅಲ್ಲ, ಆ ದಿನವೆಲ್ಲ ನನಗೊಂದು ಬಗೆಯ ಸುಖವಿತ್ತು. ಬಿಟ್ಟು ಹೋಗುವವಳ ನೆತ್ತಿ ನೋಯಬಾರದೆಂದು ಅವ್ವ ಒಲೆಯ ಮುಂದೆ ಬೆವರಿದಳಲ್ಲ ಎಂದುಕೊಂಡೆ. ನನ್ನ ಬಾಲ್ಯದಲ್ಲಿ ಅವ್ವ ನನ್ನ ಮೇಲೆ ಪ್ರೀತಿ ತೋರಿಸಿದ ದಿನ ಯಾವುದು ಎಂದು ಯಾರಾದರೂ ಕೇಳಿದ್ದರೆ, ಬಹಳ ವರ್ಷ ನಾನು ಈ ದಿನವನ್ನೇ ಹೇಳುತ್ತಿದ್ದೆ.

ಮರುದಿನ ಬುಟ್ಟಿ ನಿಜಕ್ಕೂ ಹಗುರವಾಗಿತ್ತು. ಸಿಂಬಿ ಸುತ್ತಿ ತಲೆಯ ಮೇಲಿಟ್ಟವಳು ಅವ್ವನೇ. ಹಳ್ಳ ದಾಟಿ, ಜಾಲಿ ಗಿಡಗಳ ದಾರಿಯಲ್ಲಿ ಒಂದು ಸಲವೂ ಇಳಿಸದೆ ಹೋದೆ. ಚಿಗವ್ವ ಬದುವಿನ ಮೇಲೆ ಕಾಯುತ್ತಿದ್ದಳು. ಕಾಲಿಗೆ ನೀರು ಹಾಕಿದಳು, ಕೈಯಲ್ಲಿ ಬೆಲ್ಲ ಇಟ್ಟಳು, ಹೊಸ ಲಂಗದ ಬಟ್ಟೆ ಹೆಗಲಿಗೆ ಹಾಕಿದಳು. ಚಿಗಪ್ಪ ಕೂರಿಗೆ ಹೂಡಿಕೊಂಡು ನಿಂತಲ್ಲಿಂದಲೇ ಕೂಗಿದ.

“ನಮ್ಮ ಮಗಳು ಬಂದ್ಲು, ಇನ್ನ ಬೀಜ ಕಲಸು.”

ಆ ಮಾತು ಕೇಳಿ ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಎತ್ತುಗಳ ಕಡೆ ನೋಡಿದೆ. ಚಿಗವ್ವ ಮಣ್ಣಿಗೆ ಬೆಲ್ಲದ ನೀರು ಸುರಿದು ಕೈ ಹಾಕಿದಳು, ಬಹಳ ಹೊತ್ತು ಕಲಸಿದಳು.

ಎಳ್ಳಮವಾಸ್ಯೆಯ ಹೊತ್ತಿಗೆ, ಪೈರಿಗೆ ಎಡೆ ಎರಚಿ ಚರಗ ಚೆಲ್ಲಲು ಇಡೀ ಮನೆ ಹಳ್ಳದ ಆಚೆ ಹೋಯಿತು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೊಸರನ್ನದ ಬುತ್ತಿ ಎಲ್ಲ ಕಟ್ಟಿಕೊಂಡು ಹೋಗಿದ್ದೆವು. ನಾನು ಆ ಹೊಸ ಬಟ್ಟೆಯ ಲಂಗ ಉಟ್ಟಿದ್ದೆ. ಹೊಲ ಕಂಡ ಕೂಡಲೇ ಅಜ್ಜಿ ನಿಂತುಬಿಟ್ಟಳು. ನಮ್ಮ ಹೊಲದ ಕಡಲೆ ಆಗ ಹೂವಾಗಿ ನೆಲ ಕಾಣದಂತೆ ಹಬ್ಬಿತ್ತು. ಇಲ್ಲಿ ಗೇಣುದ್ದದ ಗಿಡಗಳು ಕೆಳಗಿನ ಎಲೆ ಉದುರಿಸಿಕೊಂಡು, ಕಾಮಾಲೆ ಹಿಡಿದವರಂತೆ ಹಳದಿಯಾಗಿ ನಿಂತಿದ್ದವು. ಮಳೆ ಇಬ್ಬರಿಗೂ ಒಂದೇ ಬಿದ್ದಿತ್ತು. ಬೀಜ ಒಂದೇ ಕಣಜದ್ದು. ಚಿಗಪ್ಪ ಹುಳ ಹುಡುಕಿದ, ರೋಗ ಹುಡುಕಿದ, ಏನೂ ಸಿಗಲಿಲ್ಲ. ಒಂದು ಗಿಡ ಕಿತ್ತು ಬೇರು ನೋಡಿ ಎಸೆದ. ಬೇರು ತೊಳೆದಿಟ್ಟಂತೆ ನುಣ್ಣಗಿತ್ತು. ಅಜ್ಜಿ ಬುತ್ತಿ ಬಿಚ್ಚುವ ಮೊದಲೇ ನನ್ನನ್ನು ಕರೆದು, ಅಂಗೈ ಬಿಡಿಸಿ ನೋಡಿದಳು. ಅಷ್ಟು ಜನರಿಗೆ ತೋರಿಸಿದ್ದ ಅಂಗೈಯನ್ನೇ ಈಗ ಹೊಸದಾಗಿ ನೋಡುವಂತೆ ನೋಡಿದಳು.

“ಕೂಸಿನ ಕೈ ಕೆಟ್ಟೈತಿ. ಈ ಮನಿಗೆ ಆಗಿಬರಂಗಿಲ್ಲ ಇದು.”

ನಾನು ಅವ್ವನ ಕಡೆ ನೋಡಿದೆ. ಅವಳು ಹೋಳಿಗೆಯ ಗಂಟು ಬಿಚ್ಚುತ್ತಿದ್ದಳು. ಚಿಗವ್ವನ ಕಡೆ ನೋಡಿದೆ. ಅವಳು ಹಳದಿ ಗಿಡಗಳ ಕಡೆ ನೋಡುತ್ತಿದ್ದಳು. ಅಪ್ಪ “ಇರ್ಲಿ ಬಿಡವ್ವ, ಊಟ ಮಾಡೋಣು” ಎಂದ. ನನ್ನ ಪರವಾಗಿ ಅವತ್ತು ಬಂದ ಮಾತು ಅದೊಂದೇ, ಅದೂ ಹಸಿವಿಗೆ ಬಂದದ್ದು.

ರಾಶಿ ಆಗಲಿಲ್ಲ, ನಾನು ಹೋಗಲಿಲ್ಲ. ಮರುವರ್ಷ ಚಿಗಪ್ಪ ತೆಲಿಗಿಯ ಬೀಗರ ಕಡಲೆ ಹೊಲದಿಂದ ಒಂದು ಚೀಲ ಮಣ್ಣು ತುಂಬಿ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ. ಕಂಡಕ್ಟರು ಮಣ್ಣಿಗೆ ಲಗೇಜು ಟಿಕೆಟ್ ಹರಿದನೆಂದು ಊರೆಲ್ಲ ನಕ್ಕಿತು. ಆ ವರ್ಷ ಕಡಲೆ ಮೊಣಕಾಲುದ್ದ ಬಂತು. ಅಲ್ಲಿಗೆ ನನ್ನ ಕೈಯ ವಿಚಾರ ಇತ್ಯರ್ಥವಾಯಿತು. ಚಿಗವ್ವ ತನ್ನ ತಂಗಿಯ ಮಗನನ್ನು ತಂದು ಸಾಕಿಕೊಂಡಳು. ಹಬ್ಬಕ್ಕೆ ಬಂದರೆ ನನ್ನ ಕಡೆ ನೋಡದೆ ಮಾತಾಡುತ್ತಿದ್ದಳು. ನಾನು ಪಕ್ಕ ಕೂತರೆ ಏನೋ ನೆನಪಾದಂತೆ ಎದ್ದು ಹೋಗುತ್ತಿದ್ದಳು. ಹೊಲ ಕೆಡಿಸಿದವಳ ಮೇಲೆ ಸಿಟ್ಟಿರುವುದು ಸಹಜವೇ ಎಂದು ನನಗೆ ನಾನೇ ಹೇಳಿಕೊಂಡೆ. ನಾನೇ ಕೆಡಿಸಿದ್ದೇನೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಮನೆಯಲ್ಲಿ ಹಾಲು ಒಡೆದರೆ ಯಾರೂ ಕೇಳುವ ಮೊದಲೇ ‘ನಾನು ಮುಟ್ಟಿಲ್ಲ’ ಎನ್ನುತ್ತಿದ್ದೆ. ಶಾಲೆಯಲ್ಲಿ ಗಿಡ ನೆಡುವ ದಿನ ಹೊಟ್ಟೆನೋವೆಂದು ಮನೆಯಲ್ಲೇ ಉಳಿಯುತ್ತಿದ್ದೆ. ಅವ್ವ ಮಾತ್ರ ಆ ವರ್ಷಗಳಲ್ಲಿ ಮೊದಲಿಗಿಂತ ನನ್ನನ್ನು ಚೆನ್ನಾಗಿ ನೋಡಿಕೊಂಡಳು. ತಲೆ ಬಾಚುವುದು ಅವಳ ಕೆಲಸವಾಯಿತು. ಒಂದು ತಾಸು ಹಿಡಿದು ಬಾಚುತ್ತಿದ್ದಳು. ಆ ಬಾಚಣಿಗೆಯ ಕೆಳಗೆ ಕಣ್ಣು ಮುಚ್ಚಿ ಕೂತು, ಲೋಕವೆಲ್ಲ ಬೇಡವೆಂದ ಮಗಳನ್ನು ಅವ್ವನಾದರೂ ಇಟ್ಟುಕೊಂಡಳಲ್ಲ ಎಂದು ಅವಳಿಗೆ ಋಣಿಯಾಗಿದ್ದೆ.

ಪಿಯುಸಿಗೆ ಹಗರಿಬೊಮ್ಮನಹಳ್ಳಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಜೀವಶಾಸ್ತ್ರ ಹೇಳುತ್ತಿದ್ದ ಮೇಡಂ ಒಂದು ದಿನ ಕಡಲೆ ಗಿಡವೊಂದನ್ನು ಬೇರುಸಹಿತ ತಂದು ನೀರಲ್ಲಿ ಅಲುಗಿಸಿ ತೋರಿಸಿದರು. ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳು. ನಮ್ಮ ಹೊಲದ ಬೇರುಗಳಲ್ಲಿ ನಾನು ಅವನ್ನು ಎಷ್ಟೋ ಸಲ ನೋಡಿದ್ದೆ, ಹುಳದ ಮೊಟ್ಟೆಯೆಂದು ಉಗುರಲ್ಲಿ ಕೆರೆದು ಹಾಕಿದ್ದೆ. ಮೇಡಂ ಒಂದು ಗಂಟನ್ನು ಬ್ಲೇಡಿನಿಂದ ಸೀಳಿದರು. ಒಳಗೆ ಮಾಂಸದಂತೆ ನಸುಗೆಂಪು. ಇದು ರೋಗವಲ್ಲ, ಮನೆ ಎಂದರು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಕಡಲೆಯ ಬೇರು ಬೆಳೆಯುತ್ತ ತನ್ನ ರಸವೊಂದನ್ನು ಮಣ್ಣಿಗೆ ಬಿಡುತ್ತದೆ. ಕಡಲೆಗೆ ಒಗ್ಗುವ ಜೀವಿ ಮಾತ್ರ ಅದನ್ನು ಗುರುತಿಸಿ ತಾನೂ ಒಂದು ಗುರುತು ಕಳಿಸುತ್ತದೆ. ಆ ಗುರುತು ಸಿಕ್ಕರೆ ಬೇರಿನ ಕೂದಲೆಳೆ ಮುರುಟಿ ಅದನ್ನು ಅಪ್ಪಿಕೊಳ್ಳುತ್ತದೆ, ಒಳಕ್ಕೆ ನೂಲಿನಂಥ ದಾರಿ ಮಾಡಿಕೊಡುತ್ತದೆ, ಒಳಗೆ ಬಂದದ್ದಕ್ಕೆ ಈ ಗಂಟನ್ನು ಕಟ್ಟಿಕೊಡುತ್ತದೆ. ಗಿಡ ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಕೆಳಗೆ ಕಳಿಸುತ್ತದೆ. ಒಳಗಿರುವುದು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣ್ಣಲು ಬರುವಂತೆ ಮಾಡಿಕೊಡುತ್ತದೆ. ಶೇಂಗಾದ ಜೀವಿಯನ್ನು ಕಡಲೆ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಕಡಲೆಯದನ್ನು ಶೇಂಗಾ ಬಿಟ್ಟುಕೊಳ್ಳುವುದಿಲ್ಲ. ಎಂದೂ ಕಡಲೆ ಬೆಳೆಯದ ನೆಲದಲ್ಲಿ ಆ ಜೀವಿಯೇ ಇರದೆ, ಗಿಡ ಹಳದಿಯಾಗಬಹುದು. ಅದಕ್ಕೇ ಹಳಬರು ಕಡಲೆ ಹೊಲದ ಮಣ್ಣು ಒಯ್ದು ಬೀಜಕ್ಕೆ ಸವರುತ್ತಿದ್ದರು ಎಂದು ಮೇಡಂ ಹೇಳಿದಾಗ ನನಗೆ ಅಜ್ಜಿಯ ಗುರುತಿನ ಮಾತು ನೆನಪಾಗಿ ರೋಮಾಂಚನವಾಯಿತು. ಹಾಗಾದರೆ ನನ್ನ ಬುಟ್ಟಿಯ ಮಣ್ಣೇಕೆ ಗುರುತು ಕೊಡಲಿಲ್ಲ ಎಂಬ ಪ್ರಶ್ನೆ ಆಗ ಏಳಲಿಲ್ಲ. ಉತ್ತರ ನನ್ನ ಕೈಯಲ್ಲಿದೆ ಎಂದು ನಂಬಿದ್ದೆನಲ್ಲ.

ಎರಡು ದಿನದ ನಂತರ ಪ್ರಯೋಗ. ಎರಡು ಕುಂಡ, ಒಂದೇ ಹೊಲದ ಮಣ್ಣು. ಒಂದರದ್ದನ್ನು ಹಾಗೇ ತುಂಬಿದೆವು. ಇನ್ನೊಂದರದ್ದನ್ನು ಮೇಡಂ ಸ್ಟೋವಿನ ಮೇಲೆ ಕಬ್ಬಿಣದ ಬಾಣಲೆ ಇಟ್ಟು ಹುರಿಯತೊಡಗಿದರು. ವಾಸನೆ ಬಂತು. ಮೊದಲು ಮಳೆ, ಆಮೇಲೆ ಸುಟ್ಟ ಕೂದಲು.

“ಮಣ್ಣನ್ನ ಯಾಕ ಹುರೀತಾರ ಮೇಡಂ?” ನಾನು ಕೇಳಿದೆ.

“ಅದರಾಗಿನ ಜೀವ ಎಲ್ಲ ಸಾಯ್ಲಿ ಅಂತ. ಆಮ್ಯಾಲೆ ಗಂಟು ಬರ್ತಾವೋ ಇಲ್ಲೋ ನೋಡೋಣು.”

ನಾನು ಬೆಂಚಿನ ಮೇಲೆ ಕೂತೆ. ಮುಂದಿನ ಆರು ವಾರ ನಾನು ಬೇಡಿಕೊಂಡದ್ದು ಒಂದೇ: ಆ ಹುರಿದ ಮಣ್ಣಿನ ಕುಂಡದಲ್ಲಿ ಗಂಟು ಬರಲಿ. ಮನೆದೇವರಿಗೆ ಹರಕೆ ಹೊತ್ತೆ. ಮೇಡಂ ಹೇಳಿದ್ದು ಸುಳ್ಳಾಗಲಿ, ಪುಸ್ತಕ ಸುಳ್ಳಾಗಲಿ, ನನ್ನ ಕೈ ಕೆಟ್ಟದ್ದೇ ಇರಲಿ. ಕೆಟ್ಟ ಕೈಯ ಜೊತೆ ಬದುಕುವುದು ನನಗೆ ಆಗಲೇ ರೂಢಿಯಾಗಿತ್ತು. ಸಂಜೆ ಮನೆಯಲ್ಲಿ ಅವ್ವ ತಲೆ ಬಾಚುವಾಗ ಕಣ್ಣು ಮುಚ್ಚಲು ಆಗುತ್ತಿರಲಿಲ್ಲ. ಆರು ವಾರದ ನಂತರ ಗಿಡ ಕಿತ್ತರು. ಒಂದರ ಬೇರಲ್ಲಿ ಗಂಟುಗಳು ಜೋತಾಡುತ್ತಿದ್ದವು. ಇನ್ನೊಂದರ ಬೇರು ತೊಳೆದಿಟ್ಟಂತೆ ನುಣ್ಣಗಿತ್ತು.

ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಅಜ್ಜಿ ತೀರಿಕೊಂಡು ಒಂದು ವರ್ಷವಾಗಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಅವ್ವಾ, ಆ ಮಣ್ಣು ಯಾಕ ಹುರದಿ?”

ಯಾವ ಮಣ್ಣು ಎಂದು ಅವಳು ಕೇಳಲಿಲ್ಲ. ಮೊರ ನಿಂತಿತು, ಮತ್ತೆ ಆಡಿತು.

“ಹಸಿ ಇತ್ತು. ನಿನಗ ಭಾರ ಆಕಿತ್ತು.”

“ಹುರದ್ರ ಸಾಯ್ತೈತಿ ಅಂತ ನಿನಗ ಗೊತ್ತಿತ್ತು.”

“ಗೊತ್ತಿರದ ಏನು? ಹುರದ ಬೀಜ ಮೊಳಿಯಂಗಿಲ್ಲ, ಕುದಿಯೋ ಹಾಲಿಗೆ ಹೆಪ್ಪು ಹಿಡಿಯಂಗಿಲ್ಲ. ಮಣ್ಣಾಗೂ ಅಂಥದ್ದೇ ಏನೋ ಇರಬೇಕು ಅನ್ಕಂಡೆ.” ಮೊರ ಕೆಳಗಿಟ್ಟಳು. “ನಿನ್ನ ಕೊಡಾಕ ನನಗ ಮನಸಿದ್ದಿಲ್ಲ ರೇಣವ್ವ. ನಿಮ್ಮಜ್ಜಿ ನನ್ನ ಒಂದು ಮಾತು ಕೇಳಿದ್ಲಾ? ನಿಮ್ಮಪ್ಪ ಕೇಳಿದ್ನಾ? ನೀನಂತೂ ಹೋಗಾಕ ತುದಿಗಾಲಾಗ ನಿಂತಿದ್ದಿ. ನನ್ನ ಕೈಯಾಗ ಇದ್ದದ್ದು ಒಲಿ ಒಂದ.”

ಅಷ್ಟರ ತನಕ ನಾನು ತಡೆದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಆ ಮಾತಿಗೆ ನನ್ನ ಸಿಟ್ಟು ಅರ್ಧ ಇಳಿಯಿತು ಕೂಡ. ಮಗಳನ್ನು ಉಳಿಸಿಕೊಳ್ಳಲು ಒಬ್ಬಳು ಹೆಂಗಸು ಬಾಣಲೆ ಇಟ್ಟಳು ಎಂದರೆ ಅದನ್ನು ಅರ್ಥ ಮಾಡಿಕೊಳ್ಳುವಷ್ಟು ನಾನು ಬೆಳೆದಿದ್ದೆ. ಕೇಳಬೇಕಾದ್ದು ಇನ್ನೊಂದಿತ್ತು.

“ನನ್ನ ಕೈ ಕೆಟ್ಟೈತಿ ಅಂದ್ರಲ್ಲ. ಏಳು ವರ್ಷ ಅಂದ್ರು. ನನಗರ ಹೇಳಬೇಕಿತ್ತು, ನಿನ್ನ ಕೈ ಅಲ್ಲ ಅಂತ. ನನ್ನೊಬ್ಬಾಕಿಗೆ.”

ಅವ್ವ ಮೊರದ ಕಡಲೆಯಲ್ಲಿ ಬೆರಳಾಡಿಸಿದಳು.

“ಆ ಹೆಸರು ಇರೋತನಕ ನಿನ್ನ ಕೊಡ್ರಿ ಅಂತ ಯಾರೂ ಕೇಳಂಗಿಲ್ಲ ಅನ್ಕಂಡೆ,” ಎಂದಳು. “ನಿನಗ ಗೊತ್ತಾಗಿದ್ರ ನೀನು ಮತ್ತ ಅಲ್ಲೀಗ ಓಡಿ ಹೋಗ್ತಿದ್ದಿ.”

ಆ ವಾರ ನಾವು ಮಾತಾಡಲಿಲ್ಲ. ಅವಳು ಬಡಿಸುತ್ತಿದ್ದಳು, ನಾನು ಉಣ್ಣುತ್ತಿದ್ದೆ. ಬಾಚಣಿಗೆ ಹಿಡಿದು ಒಂದು ಸಂಜೆ ಹಿಂದೆ ಬಂದು ನಿಂತಳು, ನಾನು ಎದ್ದು ಹೋದೆ. ನನ್ನ ತಲೆಯಲ್ಲಿ ಇದ್ದದ್ದು ಚಿಗವ್ವ ಒಬ್ಬಳೇ. ಅವಳಿಗೆ ಹೇಳಬೇಕು, ನಾನು ನಿನ್ನ ಹೊಲ ಕೆಡಿಸಿದವಳಲ್ಲ ಎಂದು. ಅಷ್ಟು ತಿಳಿದರೆ ಅವಳ ಮುಖ ನನ್ನ ಕಡೆ ತಿರುಗುತ್ತದೆ. ಹದಿನೇಳು ವರ್ಷದವಳಿಗೆ ತೊಡೆ ಬೇಕಿರಲಿಲ್ಲ, ಆ ಮುಖ ಬೇಕಿತ್ತು. ಭಾನುವಾರ ಮಧ್ಯಾಹ್ನ ಹಳ್ಳ ದಾಟಿ ಹೋದೆ. ಚಿಗಪ್ಪ ಮತ್ತು ಸಾಕಿದ ಹುಡುಗ ಸಂತೆಗೆ ಹೋಗಿದ್ದರು. ಚಿಗವ್ವ ಅಂಗಳ ಸಾರಿಸಿ ಕೈ ತೊಳೆಯುತ್ತಿದ್ದಳು. ಕೂರುವ ಮೊದಲೇ ಹೇಳಿಬಿಟ್ಟೆ.

“ಚಿಗವ್ವ, ಅವತ್ತು ನಾನು ಹೊತ್ತು ತಂದ ಮಣ್ಣು ಹುರದದ್ದಿತ್ತು. ಅವ್ವ ಹುರದಿದ್ಲು.”

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು, ಒಂದೊಂದೇ ಬೆರಳು.

“ಗೊತ್ತೈತಿ.”

“ಯಾವಾಗ ಗೊತ್ತಾತು?”

“ಅವತ್ತ. ಕೈ ಹಾಕಿದ ಕೂಡ್ಲೆ. ಅದರಾಗಿದ್ದ ಹಳೇ ಕಡ್ಲಿ ಬೇರೆಲ್ಲ ಸುಟ್ಟು ಇದ್ಲಿ ಆಗಿದ್ವು. ಕೂರಿಗಿ ಹೂಡಿ ನಿಂತಿದ್ರು, ನೀನು ಎದುರಿಗೆ ಬೆಲ್ಲ ತಿನ್ನಾಕತ್ತಿದ್ದಿ. ಏನಂತ ಹೇಳ್ಲಿ? ಮಣ್ಣಿಂದ ಏನಾಕೈತಿ ಅಂತ ಸವರಿಬಿಟ್ಟೆ.”

“ಎಳ್ಳಮಾಸಿ ದಿನ? ಅಜ್ಜಿ ನನ್ನ ಕೈ ಹಿಡಕಂಡು ನಿಂತಾಗ?”

“ಹೇಳಿದ್ರ ನಿಮ್ಮಜ್ಜಿ ನಿಮ್ಮವ್ವನ ಅವತ್ತ ತವರಿಗೆ ಅಟ್ಟುತಿದ್ಲು. ಮೂರು ಮಕ್ಕಳ ತಾಯಿ ಆಕಿ.”

“ಮತ್ತ ನಾನು?”

ಚಿಗವ್ವ ಆಗ ನನ್ನ ಮುಖ ನೋಡಿದಳು. ಏಳು ವರ್ಷದಲ್ಲಿ ಅದೇ ಮೊದಲು.

“ನೀನು ಸಣ್ಣಾಕಿ. ಮರೀತಿ ಅನ್ಕಂಡೆ.”

ಅವಳು ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ಇಬ್ಬರೂ ನನ್ನನ್ನು ಬೇಕೆಂದವರು, ಇಬ್ಬರಿಗೂ ಮೊದಲ ದಿನದಿಂದ ನಿಜ ಗೊತ್ತಿತ್ತು. ಹತ್ತು ವರ್ಷದ ಹುಡುಗಿಗೆ ಅದನ್ನು ಹೇಳುವ ಅಗತ್ಯ ಇಬ್ಬರಿಗೂ ಕಾಣಲಿಲ್ಲ. ನಾನು ಎದ್ದೆ. ಚಿಗವ್ವ ಅಂಗಳದ ತುದಿಯ ತನಕ ಹಿಂದೆ ಬಂದಳು.

“ಇವತ್ತು ಇಲ್ಲೇ ಇರು ರೇಣವ್ವ. ನಾಳಿ ಹೋಗಂತಿ.”

ಈ ಮಾತನ್ನು ಅವಳ ಬಾಯಿಂದ ಕೇಳಲು ನಾನು ಎಷ್ಟು ವರ್ಷ ಕಾದಿದ್ದೆ ಎಂದು ಅವಳಿಗೆ ತಿಳಿದಿರಲಿಲ್ಲ. “ಅವ್ವ ದಾರಿ ನೋಡ್ತಿರ್ತಾಳ” ಎಂದೆ. ಅವ್ವನಿಗೆ ನಾನು ಎಲ್ಲಿಗೆ ಹೋಗಿದ್ದೇನೆಂದೂ ಗೊತ್ತಿರಲಿಲ್ಲ, ನಾವು ಮಾತು ಬಿಟ್ಟು ವಾರವಾಗಿತ್ತು. ಆದರೂ ಹಳ್ಳ ದಾಟಿ ಆ ಮನೆಗೇ ಹೋದೆ. ಹೋಗಲು ನನಗೆ ಬೇರೆ ಮನೆ ಉಳಿದಿರಲಿಲ್ಲ.